ಲೀಟರಿಗೆ ಎರಡೂವರೆ ಮುಚ್ಚಳ: ಗೆಳೆಯನಿಗೆ ಗೊತ್ತಾಗದಂತೆ ಅವನ ಬೈಕ್ ಎಬ್ಬಿಸಿದ್ದು

ಗಾಡಿಯನ್ನು ಶೆಡ್ಡಿನಿಂದ ಸಾಗಿಸೋದು ಕಷ್ಟವಾಗಲಿಲ್ಲ. ಅದರ ಜಾಗದಲ್ಲಿ ಏನು ಇಡೋದು ಅನ್ನೋದೇ ತಲೆನೋವಾಯಿತು.

ಬೈಕು ನನ್ನ ಗೆಳೆಯನ ಅಪ್ಪನದು. 100 ಸಿಸಿ, ಟು-ಸ್ಟ್ರೋಕ್. ಅವರು ಹೋದ ಮೇಲೆ ಒಂಬತ್ತು ವರ್ಷ ಟಾರ್ಪಾಲಿನ ಕೆಳಗೆ ನಿಂತೇ ಇತ್ತು. ಗೆಳೆಯ ಬೇರೆ ಊರಲ್ಲಿದ್ದ. ಅಮ್ಮನನ್ನು ನೋಡಲು ಬಂದಾಗಲೆಲ್ಲ ಟಾರ್ಪಾಲಿನ ಮೇಲೆ ಒಮ್ಮೆ ಕೈ ತಟ್ಟಿ, "ಈ ಸಲ ಏನಾದರೂ ಮಾಡಬೇಕು ಕಣೋ" ಅಂದು ಹೊರಟುಹೋಗುತ್ತಿದ್ದ. ಹಾಗಾಗಿ ಕೈ ತಟ್ಟಿದರೆ ಗಟ್ಟಿಯಾಗಿ ಸಿಗೋ ಏನಾದರೂ ಅಲ್ಲಿ ಇರಲೇಬೇಕಿತ್ತು. ಸೀಟಿನ ಜಾಗಕ್ಕೆ ಮರದ ಸ್ಟೂಲು, ಟ್ಯಾಂಕಿನ ಜಾಗಕ್ಕೆ ಮುರಿದ ಕುರ್ಚಿ, ಹ್ಯಾಂಡಲ್ಲಿಗೆ ಅಡ್ಡಲಾಗಿ ಕಟ್ಟಿದ ಪೊರಕೆ ಕೋಲು. ಅಮ್ಮ ದೂರ ನಿಂತು ನೋಡಿ, "ಮುಂದಿನ ಚಕ್ರ ಸಣ್ಣದಾಯ್ತು" ಅಂದರು. ಒಂದು ಬುಟ್ಟಿ ಸೇರಿಸಿದೆ.

ಅಮ್ಮನ ಒಪ್ಪಿಗೆ ಪಡೆದೇ ಕೈ ಹಾಕಿದ್ದು. ಅದಿಲ್ಲದಿದ್ದರೆ ಇದು ಸರ್‌ಪ್ರೈಸ್ ಅಲ್ಲ, ಕಳ್ಳತನ. ಗಾಡಿಯ ಪತ್ರಗಳನ್ನು ಅವನ ಹೆಸರಿಗೆ ಮಾಡಿಸೋ ಕೆಲಸ ಮಾತ್ರ ಗುಟ್ಟಾಗಿ ಆಗುವಂಥದ್ದಲ್ಲ, ಅದನ್ನು ಅವನಿಗೇ ಬಿಟ್ಟೆ.

ನಾನು ಮೆಕ್ಯಾನಿಕ್ ಅಲ್ಲ. ನನ್ನ ಗಾಡಿಗಳನ್ನು ನಾನೇ ಬಿಚ್ಚಿ ಜೋಡಿಸಿ ಕಲಿತವನು. ಕೈಯಲ್ಲಿದ್ದ ದುಡ್ಡು ಕಡಿಮೆ, ಭಾನುವಾರಗಳು ಮಾತ್ರ ಜಾಸ್ತಿ. ಅದಕ್ಕೆ ಶುರುವಿನಲ್ಲೇ ಒಂದು ಲೆಕ್ಕ ಹಾಕಿಕೊಂಡೆ. ಕಣ್ಣಿಗೆ ಕಾಣೋದಕ್ಕೆಲ್ಲ ಕೈ ನೋಯಿಸಬೇಕು, ಪ್ರಾಣಕ್ಕೆ ಸಂಬಂಧಪಟ್ಟಿದ್ದಕ್ಕೆ ಮಾತ್ರ ದುಡ್ಡು. ಈ ಲೆಕ್ಕ ಸರಿಯಾಗಿಯೇ ಇತ್ತು. ಒಂದೇ ಒಂದು ಕಡೆ ಜಿಪುಣತನ ಮಾಡಿ ಕೆಟ್ಟೆ, ಅದನ್ನು ಆಮೇಲೆ ಹೇಳುತ್ತೇನೆ.

ಕಿಕ್ಕರ್ ಮೇಲೆ ಕಾಲಿಟ್ಟೆ. ಕಲ್ಲು.

ಜಾಮ್ ಆದ ಎಂಜಿನ್ನಿನ ಕಿಕ್ಕರ್ ಮೇಲೆ ನಿಂತು ಕುಣಿಯೋ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಟು-ಸ್ಟ್ರೋಕ್ ಬ್ಲಾಕಿನ, ಅಂದರೆ ಪಿಸ್ಟನ್ ಓಡಾಡೋ ಸಿಲಿಂಡರಿನ, ಗೋಡೆಯಲ್ಲಿ ಗಾಳಿ-ಪೆಟ್ರೋಲ್ ಬಂದು ಹೋಗೋ ಕಿಂಡಿಗಳಿರುತ್ತವೆ. ಅಂಟಿಕೊಂಡ ಪಿಸ್ಟನ್ ರಿಂಗನ್ನು ಬಲವಂತವಾಗಿ ಎಳೆದರೆ ಆ ಕಿಂಡಿಯ ಅಂಚಿಗೆ ಸಿಕ್ಕಿ ಪಟ್ ಅಂತ ಮುರಿಯಬಹುದು. ನಾನು ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ) ಎಣ್ಣೆ ಅರ್ಧಕ್ಕರ್ಧ ಬೆರೆಸಿ ಒಳಗೆ ಸುರಿದೆ. ದಿನಾ ಸಂಜೆ ಸ್ವಲ್ಪ ಸುರಿಯೋದು, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸೋದು. ಐದನೇ ದಿನ ಚಕ್ರ ಬೆರಳಗಲ ಅಲುಗಿತು. ಆ ಬೆರಳಗಲಕ್ಕೆ ನಾನು ಪಟ್ಟ ಖುಷಿ ಕೊನೆಗೆ ಎಂಜಿನ್ ಸ್ಟಾರ್ಟ್ ಆದಾಗಲೂ ಪಡಲಿಲ್ಲ.

ಹೆಡ್, ಬ್ಲಾಕ್ ಬಿಚ್ಚಿ ನೋಡಿದರೆ ರಿಂಗ್ ನಿಂತಿದ್ದ ಜಾಗದಲ್ಲಿ ತುಕ್ಕಿನ ಬಳೆ. ಅದೃಷ್ಟಕ್ಕೆ ಆಳವಿರಲಿಲ್ಲ. ಬೋರ್ ಮಾಡಿಸುವಷ್ಟು, ಅಂದರೆ ಕೊರೆಸಿ ಅಗಲ ಮಾಡಿಸುವಷ್ಟು, ಸವೆದೂ ಇರಲಿಲ್ಲ. ಒಳಗೋಡೆಯನ್ನು ಉಜ್ಜುಗಲ್ಲಿನಿಂದ ಹೋನ್ ಹೊಡೆದು, ಹಳೇ ಪಿಸ್ಟನ್ನಿಗೇ ಹೊಸ ರಿಂಗ್ ಹಾಕಿದೆ. ಹಾಕುವ ಮುಂಚೆ ರಿಂಗನ್ನು ಬ್ಲಾಕಿನೊಳಗೆ ಇಟ್ಟು ಅದರ ಎರಡು ತುದಿಗಳ ನಡುವಿನ ಬಾಯಿಯ ಸಂದು ಅಳೆಯಬೇಕು. ನನ್ನದು 0.25 ಮಿ.ಮೀ. ಬಂತು. ಪಿಸ್ಟನ್ನಿನಲ್ಲಿ ರಿಂಗ್ ಕೂರೋ ತೋಡಿನೊಳಗೆ ಒಂದು ಪುಟ್ಟ ಪಿನ್ ಇರುತ್ತದೆ. ರಿಂಗಿನ ಬಾಯಿ ಸರಿಯಾಗಿ ಅದರ ಮೇಲೇ ಕೂರಬೇಕು. ಕೂರಿಸದೆ ಬ್ಲಾಕ್ ಇಳಿಸಿದರೆ ಹೊಸ ರಿಂಗ್ ಅಲ್ಲೇ ಹೋಯ್ತು.

ಕಾರ್ಬೋರೇಟರಿನ ತಳದಲ್ಲಿ ಪೆಟ್ರೋಲ್ ಇರಲಿಲ್ಲ, ಹಸಿರು-ಕಂದು ಬಣ್ಣದ ಅಂಟಿತ್ತು. ಪೆಟ್ರೋಲಿನ ಹಗುರ ಭಾಗವೆಲ್ಲ ಆರಿಹೋಗಿ ಉಳಿಯೋದು ಇಷ್ಟೇ. ಎಂಜಿನ್ ಮೆಲ್ಲಗೆ ಓಡುವಾಗ ಪೆಟ್ರೋಲ್ ಬಿಡೋ ಪೈಲಟ್ ಜೆಟ್ಟಿನ ತೂತು ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ಅದಕ್ಕೆ ಸೂಜಿ ಚುಚ್ಚಬಾರದು, ತೂತು ದೊಡ್ಡದಾದರೆ ಆಮೇಲೆ ಯಾವ ಟ್ಯೂನಿಂಗಿಗೂ ಬಗ್ಗೋದಿಲ್ಲ. ಹಳೇ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ತೆಗೆದು ನಿಧಾನಕ್ಕೆ ತೂರಿಸಿದೆ. ಬೆಳಕಿಗೆ ಹಿಡಿದಾಗ ಚುಕ್ಕಿ ಕಂಡಿತು.

ಟ್ಯಾಂಕಿನ ತುಕ್ಕಿಗೆ ಬಿಳಿ ವಿನೆಗರ್. ಪೆಟ್ರೋಲ್ ಕಾಕ್ ಬಿಚ್ಚಿ, ಆ ತೂತಿಗೆ ರಬ್ಬರ್ ಜಡಿದು, ಕಂಠದವರೆಗೆ ತುಂಬಿ ಎರಡು ದಿನ ಬಿಟ್ಟೆ. ಹೊರಗಿನ ಪೇಂಟಿಗೆ ತಾಗಿದರೆ ಕಲೆ ಬೀಳಬಹುದು, ಚೆಲ್ಲಿದ್ದನ್ನು ತಕ್ಷಣ ಒರೆಸಬೇಕು. ಉದುರದೆ ಉಳಿದದ್ದಕ್ಕೆ 20 ನಟ್ ಒಳಗೆ ಹಾಕಿ ಕುಲುಕಿದೆ. ಹೊರಗೆ ಬಂದದ್ದು 19. ಆ ಒಂದು ನಟ್ಟಿಗಾಗಿ ಅರ್ಧ ಭಾನುವಾರ ಹೋಯಿತು. ಟ್ಯಾಂಕನ್ನು ಮಗುವಿನ ಹಾಗೆ ಎತ್ತಿ ತಲೆಕೆಳಗು ಮಾಡಿ ಎಲ್ಲ ದಿಕ್ಕಿಗೂ ತಿರುಗಿಸಿದೆ. ಮುಚ್ಚಳದ ಕಂಠದ ಹಿಂದಿನ ಸಂದಿನಲ್ಲಿ ಕೂತಿತ್ತು, ಮಹಾರಾಯ. ಎಣಿಸಿ ಹಾಕಿದ್ದು ಎಷ್ಟು ಒಳ್ಳೆಯದಾಯಿತು ನೋಡಿ. ಆಮೇಲೆ ಅಡುಗೆ ಸೋಡಾ ನೀರು, ಬರೀ ನೀರು, ಬಿಸಿಗಾಳಿ, ಒಣಗಿದ ಕೂಡಲೇ ಎಣ್ಣೆ ಬೆರೆಸಿದ ಪೆಟ್ರೋಲಿನಿಂದ ಒಂದು ಸುತ್ತು. ತಡ ಮಾಡಿದರೆ ಬೋಳಾದ ಕಬ್ಬಿಣ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ.

ಇಷ್ಟರವರೆಗೂ ಗುಟ್ಟು ನನಗೆ ತೊಂದರೆ ಕೊಟ್ಟಿರಲಿಲ್ಲ. ಕೊಟ್ಟದ್ದು ಆಯಿಲ್ ಪಂಪು.

ಟು-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಜಿಡ್ಡಿಗಾಗಿ 2ಟಿ ಎಣ್ಣೆಯೂ ಹೋಗಬೇಕು. ಈ ಗಾಡಿಯಲ್ಲಿ ಆ ಎಣ್ಣೆಗೆ ಬೇರೆ ಡಬ್ಬಿ ಇದೆ. ಅಲ್ಲಿಂದ ಪಂಪು ಎಣ್ಣೆಯನ್ನು ಎಂಜಿನ್ನಿಗೆ ಕಳಿಸಬೇಕು. ಡಬ್ಬಿ ಒಣಗಿ ಜೇಡರ ಬಲೆ ಕಟ್ಟಿತ್ತು. ತೊಳೆದು ಹೊಸ ಎಣ್ಣೆ ತುಂಬಿದೆ. ಪೈಪಿನ ಗಾಳಿ ತೆಗೆಯೋಣ ಅಂತ ಕೂತರೆ ಎಷ್ಟು ಹೊತ್ತಾದರೂ ಒಂದು ಹನಿ ಮುಂದಕ್ಕೆ ಹೋಗಲಿಲ್ಲ. ಕವರ್ ಬಿಚ್ಚಿದೆ. ಪಂಪೇ ಇಲ್ಲ! ಆ ಜಾಗಕ್ಕೆ ಒಂದು ತಗಡು, ಅದರಡಿ ಕತ್ತರಿಯಲ್ಲಿ ಕತ್ತರಿಸಿದ ಪ್ಯಾಕಿಂಗ್. ಅಚ್ಚುಕಟ್ಟಾದ ಕೆಲಸ. ಎಣ್ಣೆ ಡಬ್ಬಿಯನ್ನು ನಂಬಿ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದರೆ ಎಣ್ಣೆಯಿಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು. ಅದೂ ಗೆಳೆಯ ಮೊದಲ ಸಲ ಸವಾರಿ ಹೊರಟಾಗ.

ಗಾಡಿಯ ಚರಿತ್ರೆ ಗೊತ್ತಿದ್ದವನು ಅವನೊಬ್ಬನೇ. ಅವನನ್ನೇ ಕೇಳೋ ಹಾಗಿಲ್ಲ. ಟೂಲ್ ಬಾಕ್ಸಿನಲ್ಲಿ ಕೆಮ್ಮಿನ ಔಷಧಿಯ 10 ಮಿ.ಲೀ. ಅಳತೆ ಮುಚ್ಚಳವೊಂದು ಸಿಕ್ಕಿತ್ತು, ಎಣ್ಣೆ ಜಿಡ್ಡು ಹಿಡಿದದ್ದು. ಕಸ ಅಂತ ಪಕ್ಕಕ್ಕೆ ಇಟ್ಟಿದ್ದೆ. ಕೊನೆಗೆ ಫೋನ್ ಮಾಡಿ ಸುಮ್ನೆ ಮಾತಿನ ನಡುವೆ ಎಳೆದೆ. "ಪರಿಚಯದವರದ್ದೊಂದು ಹಳೇ ಟು-ಸ್ಟ್ರೋಕ್ ನೋಡಿದೆ ಮಾರಾಯ, ಆಯಿಲ್ ಪಂಪೇ ಕಿತ್ತಿದ್ದಾರೆ. ಹಾಗೂ ಮಾಡ್ತಾರಾ?"

"ಅಪ್ಪನೂ ಕಿತ್ತಿದ್ದರಲ್ಲೋ," ಅಂದ. "ಪಂಪ್ ಯಾವತ್ತು ಕೈ ಕೊಡುತ್ತೋ ಅಂತ ಅವರಿಗೆ ಭಯ. ಪೆಟ್ರೋಲಿಗೇ ಬೆರೆಸೋರು. ಕೆಮ್ಮಿನ ಔಷಧಿ ಮುಚ್ಚಳ ಇತ್ತು, ಲೀಟರಿಗೆ ಎರಡೂವರೆ."

ಎರಡೂವರೆ ಮುಚ್ಚಳ ಅಂದರೆ 25 ಮಿ.ಲೀ. ಒಂದಕ್ಕೆ ನಲವತ್ತು. ಲೆಕ್ಕ ಪಕ್ಕಾ. ಡಬ್ಬಿಯ ಎಣ್ಣೆಯನ್ನು ವಾಪಸ್ ಬಾಟಲಿಗೆ ಸುರಿದು, ಮುಚ್ಚಳ ಒರೆಸಿ ಟೂಲ್ ಬಾಕ್ಸಿಗೇ ಹಾಕಿದೆ. "ಯಾರ ಗಾಡಿ ಅದು?" ಅಂತ ಅವನು ಕೇಳಿದ್ದಕ್ಕೆ ಏನು ಸುಳ್ಳು ಹೇಳಿದೆನೋ ಈಗ ನೆನಪಿಲ್ಲ.

ಈಗ ಆ ಜಿಪುಣತನದ ವಿಷಯ. ಪಿಸ್ಟನ್ ತಿರುಗಿಸೋ ಕ್ರ್ಯಾಂಕ್ ಶಾಫ್ಟಿನ ಎರಡು ಬದಿಗೆ ಆಯಿಲ್ ಸೀಲ್ ಇರುತ್ತವೆ. ಒಂಬತ್ತು ವರ್ಷ ನಿಂತ ಗಾಡಿಯಲ್ಲಿ ಆ ರಬ್ಬರ್ ಕಲ್ಲಾಗಿರುತ್ತದೆ ಅಂತ ನನಗೆ ಗೊತ್ತಿತ್ತು. ಸೀಲಿನ ಬೆಲೆ ಏನೂ ಅಲ್ಲ. ಒಂದು ಸೀಲ್ ಮುಟ್ಟಬೇಕಾದರೆ ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸೋ ಚಕ್ರ) ಕೀಳಬೇಕು. ಅದನ್ನು ಎಳೆಯೋ ಪುಲ್ಲರ್ ನನ್ನ ಹತ್ತಿರ ಇರಲಿಲ್ಲ, ಅದನ್ನು ಕೊಳ್ಳೋದು ತಪ್ಪಿಸೋಣ ಅಂತ ಮುಂದೂಡಿದೆ. ಗಾಡಿ ಎಂಟನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಆದರೆ ಎಕ್ಸಲೇಟರ್ ಬಿಟ್ಟರೂ ಕಿರುಚುತ್ತಲೇ ಏರಿತು. ಕೀ ಆಫ್ ಮಾಡಿದೆ. ಮ್ಯಾಗ್ನೆಟ್ ಕಡೆಯ ಸೀಲಿನಿಂದ ಗಾಳಿ ಒಳಗೆ ಎಳೆಯುತ್ತಿತ್ತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ, ಅದರ ಜೊತೆ ಎಣ್ಣೆಯೂ ಕಡಿಮೆ. ಹಾಗೇ ಬಿಟ್ಟರೆ ಪಿಸ್ಟನ್ ಕಾದು ಕೆಡುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ, ನನಗೆ ಅದು ಇನ್ನೂ ಬಂದಿರಲಿಲ್ಲ ಅಷ್ಟೇ. ಕೊನೆಗೆ ಪುಲ್ಲರ್ ಎರವಲು ಸಿಕ್ಕಿತು. ಮೊದಲೇ ಕೇಳಿದ್ದರೂ ಸಿಗುತ್ತಿತ್ತು. ಎರಡೂ ಸೀಲ್ ಬದಲಾಯಿಸಿದೆ, ಹೊಸ ಪ್ಯಾಕಿಂಗಿಗೆ ಮತ್ತೆ ದುಡ್ಡು ಹೋಯಿತು.

ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ನುಂಗಿದ್ದು ಟೈರು, ಟ್ಯೂಬು, ಬ್ರೇಕ್ ಶೂ, ಕೇಬಲ್. ಹಳೇ ಟೈರುಗಳ ಗುಂಡಿ (ರಸ್ತೆ ಹಿಡಿಯೋ ಉಬ್ಬು) ಇನ್ನೂ ಚೆನ್ನಾಗಿಯೇ ಇತ್ತು, ಆಸೆಯೂ ಆಯಿತು. ಪಕ್ಕದ ನಾಲ್ಕು ಅಂಕಿ ನೋಡಿದೆ: 0811. 2011ರ ಎಂಟನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ಬಗ್ಗಿಸಿದರೆ ಸೀಳು ಬಾಯಿ ಬಿಡುತ್ತಿತ್ತು. ಡ್ರಮ್ಮಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು.

ವೈರಿಂಗ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಇಲಿ ಕಡಿದಿತ್ತು, ಸೇರಿಸಿದೆ.

ಸೈಲೆನ್ಸರಿನ ಕ್ರೋಮಿಗೆ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿಗೆ ಅದ್ದಿ ಉಜ್ಜಿದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ, ಅದಕ್ಕೆ ಗೀರಾಗದೆ ಮೇಲಿನ ತುಕ್ಕು ಮಾತ್ರ ಬಿಡುತ್ತದೆ. ಟ್ಯಾಂಕಿಗೆ ಪೇಂಟ್ ಹೊಡೆಸಲಿಲ್ಲ. ದುಡ್ಡಿಲ್ಲ ಅನ್ನೋದು ಒಂದು ಕಾರಣ. ಎರಡೂ ಪಕ್ಕ ಮೊಣಕಾಲು ತಾಗಿ ತಾಗಿ ಪೇಂಟ್ ಸವೆದಿತ್ತು. ಅದನ್ನು ಮುಚ್ಚಲು ನನಗೆ ಹಕ್ಕಿಲ್ಲ ಅನ್ನಿಸಿತು. ರಬ್ಬಿಂಗ್ ಕಾಂಪೌಂಡ್ ಉಜ್ಜುವಾಗಲೂ ಆ ಜಾಗ ಬಿಟ್ಟೆ.

ಐದು ತಿಂಗಳಾದ ಮೇಲೆ ಸ್ಟೂಲು, ಕುರ್ಚಿ, ಬುಟ್ಟಿ ತೆಗೆದು ಗಾಡಿಯನ್ನು ಅದೇ ಟಾರ್ಪಾಲಿನ ಕೆಳಗೆ ನಿಲ್ಲಿಸಿದೆವು. ಅವನು ಬಂದ ದಿನ ಅಮ್ಮ, "ಟಾರ್ಪಾಲು ಹರಿದಿದೆ, ತೆಗೆದು ಬಿಸಿಲಿಗೆ ಹಾಕು" ಅಂದರು. ಎಳೆದ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಪರಿಚಯದವರ ಗಾಡಿ ಅಂದ್ಯಲ್ಲೋ" ಅಂದ.

ಟ್ಯಾಂಕ್ ಖಾಲಿ ಇಟ್ಟಿದ್ದೆ. ಒಂದು ಲೀಟರ್ ಪೆಟ್ರೋಲಿನ ಬಾಟಲಿ, 2ಟಿ ಎಣ್ಣೆ ಪಕ್ಕದಲ್ಲಿದ್ದವು. ನಾನು ಏನೂ ಹೇಳದೆಯೇ ಟೂಲ್ ಬಾಕ್ಸ್ ತೆಗೆದು ಮುಚ್ಚಳ ಹುಡುಕಿದ.

"ರಿಂಗ್ ಹೊಸದು ಕಣೋ. ಶುರುವಿಗೆ ಲೀಟರಿಗೆ ಮೂರು ಹಾಕು."

"ಅಪ್ಪ ಎರಡೂವರೆ ಹಾಕೋರು."

ಎರಡು ಹಾಕಿದ. ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿ, ನನ್ನ ಮುಖ ನೋಡಿ, ಉಳಿದದ್ದನ್ನೂ ಸುರಿದ.