ಮೂತ್ರದಲ್ಲಿ ರಕ್ತ ಕಂಡರೆ ಯಾವ ಟೆಸ್ಟ್, ಸ್ಯಾಂಪಲ್ ಕೊಡುವುದು ಹೇಗೆ?

ನಮ್ಮ ಉಡುಪಿ ಕಡೆ ಮೂತ್ರ ಕೆಂಪಾದರೆ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎರಡು ಬೊಂಡ (ಎಳನೀರು) ಕುಡಿ, ಸರಿ ಹೋಗ್ತದೆ ಅಂತಾರೆ. ಮಲ್ಪೆಯಲ್ಲಿರುವ ನನ್ನ ಸೋದರಮಾವನೂ ಹಾಗೇ ಮಾಡಿದರು. ಒಂದು ಬೆಳಿಗ್ಗೆ ಮೂತ್ರ ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣಕ್ಕೆ ಬಂತು. ನೋವಿಲ್ಲ, ಉರಿ ಇಲ್ಲ. ಮರುದಿನ ತಿಳಿಯಾಯಿತು. ಬೊಂಡ ಕೆಲಸ ಮಾಡಿತು ಅಂದುಕೊಂಡರು. ನಾಲ್ಕು ತಿಂಗಳಾದ ಮೇಲೆ ಮತ್ತೆ ಬಂತು, ಈ ಸಲ ಹೆಪ್ಪುಗಟ್ಟಿದ ರಕ್ತದ ಚೂರುಗಳ ಜೊತೆ.

ಮೂತ್ರಕೋಶದ ಕ್ಯಾನ್ಸರ್ ಹೆಚ್ಚಿನವರಲ್ಲಿ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ. ನೋವಿಲ್ಲದ ರಕ್ತ. ಬರುತ್ತದೆ, ತಾನಾಗಿ ನಿಲ್ಲುತ್ತದೆ, ಆದರೆ ಒಳಗಿನ ಗಡ್ಡೆ ಅಲ್ಲೇ ಇರುತ್ತದೆ. ಬೀಡಿ ಸೇದುವವರಂತೂ ಒಂದು ದಿನವೂ ಕಾಯಬಾರದು. ಹೊಗೆಯ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ ಅಲ್ವಾ? ಈ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕಾರಣ ತಂಬಾಕೇ. ಬಣ್ಣ, ರಬ್ಬರ್ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದವರಿಗೂ ಅಪಾಯ ಜಾಸ್ತಿ.

ಮೊದಲು ಸಾಮಾನ್ಯ ಯೂರಿನ್ ಟೆಸ್ಟ್ ಮಾಡಿಸಿ. ಸ್ಟ್ರಿಪ್‌ನ ಬಣ್ಣ ನೋಡಿ ಮುಗಿಸಬೇಡಿ, ಮೈಕ್ರೋಸ್ಕೋಪಿ ಬೇಕು ಅಂತ ಕೇಳಿ. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ 3 ಅಥವಾ ಹೆಚ್ಚು ಕೆಂಪು ರಕ್ತಕಣ ಕಂಡರೆ ಕಣ್ಣಿಗೆ ಕಾಣದಿದ್ದರೂ ರಕ್ತ ಇದೆ ಎಂದೇ ಲೆಕ್ಕ. ಇನ್‌ಫೆಕ್ಷನ್ ಇದ್ದರೆ ಔಷಧಿ ಮುಗಿಸಿ ಮತ್ತೆ ಟೆಸ್ಟ್ ಮಾಡಿಸಿ. ಹೆಂಗಸರಿಗೆ ಇದನ್ನು ಒತ್ತಿ ಹೇಳುತ್ತೇನೆ. ಕಲ್ಚರ್ (ಮೂತ್ರದಲ್ಲಿ ರೋಗಾಣು ಇದೆಯೇ ಅಂತ ಬೆಳೆಸಿ ನೋಡುವ ಟೆಸ್ಟ್) ಮಾಡಿಸದೆ ಇನ್‌ಫೆಕ್ಷನ್ ಅಂತ ಮೇಲಿಂದ ಮೇಲೆ ಆಂಟಿಬಯೋಟಿಕ್ ನುಂಗಿ ತಿಂಗಳುಗಳನ್ನು ಕಳೆದುಕೊಳ್ಳುವವರಲ್ಲಿ ಅವರೇ ಜಾಸ್ತಿ. ರಕ್ತ ತೆಳುವಾಗುವ ಮಾತ್ರೆಯಿಂದ ಹೀಗಾಗಿರಬೇಕು ಅಂತಲೂ ಸುಮ್ನೆ ಬಿಡಬೇಡಿ.

ಮುಂದಿನದು ಸೈಟಾಲಜಿ, ಅಂದರೆ ಮೂತ್ರದಲ್ಲಿರುವ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಟೆಸ್ಟ್. ಮೂತ್ರಕೋಶದ ಒಳಪದರದಿಂದ ಜೀವಕೋಶಗಳು ದಿನವೂ ಉದುರಿ ಮೂತ್ರದಲ್ಲಿ ಬರುತ್ತವೆ. 1945ರಲ್ಲಿ ಪಾಪನಿಕೊಲಾವ್ ಮತ್ತು ಮಾರ್ಷಲ್ ಎಂಬ ವೈದ್ಯರು ಅವುಗಳಲ್ಲೇ ಕ್ಯಾನ್ಸರ್ ಹುಡುಕಬಹುದು ಅಂತ ತೋರಿಸಿದರು. ಜೋರಾಗಿ ಬೆಳೆಯುವ ಕ್ಯಾನ್ಸರನ್ನು ಈ ಟೆಸ್ಟ್ ಚೆನ್ನಾಗಿ ಗುರುತಿಸುತ್ತದೆ. ನಿಧಾನವಾಗಿ ಬೆಳೆಯುವುದರ ಕೋಶಗಳು ಆರೋಗ್ಯದ ಕೋಶಗಳಂತೆಯೇ ಕಾಣುವುದರಿಂದ ತಪ್ಪಿಸಿಕೊಳ್ಳುತ್ತವೆ.

ಆ ಕೊರತೆ ತುಂಬಲು ಬಂದವು ಬಯೋಮಾರ್ಕರ್ ಟೆಸ್ಟ್‌ಗಳು, ಅಂದರೆ ಕ್ಯಾನ್ಸರಿನ ಸುಳಿವು ಕೊಡುವ ಪ್ರೋಟೀನ್, ಜೀನ್‌ಗಳನ್ನು ಮೂತ್ರದಲ್ಲಿ ಹುಡುಕುವ ಟೆಸ್ಟ್‌ಗಳು. ಎನ್‌ಎಂಪಿ22 ಎಂಬುದು ಕೋಶದ ನ್ಯೂಕ್ಲಿಯಸ್‌ನ ಒಂದು ಪ್ರೋಟೀನ್. ಪ್ರೆಗ್ನೆನ್ಸಿ ಕಿಟ್‌ನಂಥ ಕಾರ್ಡ್ ಮೇಲೆ ನಾಲ್ಕು ಹನಿ ಮೂತ್ರ ಹಾಕಿದರೆ ಅರ್ಧ ಗಂಟೆಯಲ್ಲಿ ಗೆರೆ ಮೂಡುತ್ತದೆ. ಆದರೆ ಕಲ್ಲು, ಇನ್‌ಫೆಕ್ಷನ್ ಇದ್ದರೂ ಪಾಸಿಟಿವ್ ಬರಬಹುದು, ಹಾಗಾಗಿ ಕಲ್ಲಿನ ತೊಂದರೆ ಇದ್ದರೆ ಮೊದಲೇ ಹೇಳಿಬಿಡಿ. ಫಿಶ್ ಎಂಬ ಟೆಸ್ಟ್‌ನಲ್ಲಿ 3, 7, 17ನೇ ಕ್ರೋಮೋಸೋಮ್‌ಗಳು ಲೆಕ್ಕಕ್ಕಿಂತ ಹೆಚ್ಚಿವೆಯೇ, 9ನೆಯದರ ಒಂದು ತುಂಡು ಕಳೆದುಹೋಗಿದೆಯೇ ಅಂತ ಬಣ್ಣ ಹಚ್ಚಿ ನೋಡುತ್ತಾರೆ. ಜೀನ್‌ಗಳ ಆರ್‌ಎನ್‌ಎ, ಡಿಎನ್‌ಎ ನೋಡುವ ಹೊಸ ಟೆಸ್ಟ್‌ಗಳೂ ಇವೆ. ಎಲ್ಲ ಲ್ಯಾಬ್‌ನಲ್ಲೂ ಸಿಗುವುದಿಲ್ಲ, ನಿಮಗೆ ಯಾವುದು ಬೇಕು ಎಂಬುದನ್ನು ಯುರಾಲಜಿ (ಮೂತ್ರಾಂಗಗಳ) ಡಾಕ್ಟರೇ ಹೇಳಲಿ. ಮಣಿಪಾಲ, ಮಂಗಳೂರು, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಆ ವಿಭಾಗ ಇದೆ.

ಇನ್ನು ಸ್ಯಾಂಪಲ್. ಮಾವನ ಮೊದಲ ಸ್ಯಾಂಪಲ್ ಹಾಳಾಗಿದ್ದು ಇಲ್ಲೇ. ಎದ್ದ ಕೂಡಲೇ ಬಾಟಲಿಗೆ ಹಿಡಿದರು, ಸ್ಕೂಟರ್ ಸೀಟಿನ ಕೆಳಗಿಟ್ಟರು, ಉಡುಪಿಯಲ್ಲಿ ಬೇರೆ ಕೆಲಸ ಮುಗಿಸಿ ಮಧ್ಯಾಹ್ನ ಲ್ಯಾಬಿಗೆ ಕೊಟ್ಟರು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಕೋಶಗಳು ಕೆಟ್ಟಿವೆ, ಮತ್ತೆ ಕೊಡಿ ಅಂತ ರಿಪೋರ್ಟ್ ಬಂತು. ಒಂದು ವಾರ ಹೋಯಿತು. ಸೈಟಾಲಜಿಗೆ ಬೆಳಗಿನ ಮೊದಲ ಮೂತ್ರ ಬೇಡ, ಇಡೀ ರಾತ್ರಿ ಒಳಗೇ ನಿಂತು ಕೋಶಗಳು ಕೊಳೆತಿರುತ್ತವೆ. ನೀರು ಕುಡಿದು, ಸ್ವಲ್ಪ ಓಡಾಡಿ, ಎರಡನೇ ಸಲದ್ದನ್ನು ಹಿಡಿಯಿರಿ. ಮೊದಲು ತೊಳೆದುಕೊಳ್ಳಿ. ಸುಮಾರು 50 ಮಿಲಿ ಇರಲಿ. ಲ್ಯಾಬ್‌ನಲ್ಲೇ ಕೊಟ್ಟರೆ ಒಳ್ಳೆಯದು, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಮೂರು ದಿನ ಬೇರೆ ಬೇರೆ ಸ್ಯಾಂಪಲ್ ಕೇಳಿದರೆ ಬೇಜಾರು ಮಾಡಿಕೊಳ್ಳದೆ ಕೊಡಿ.

ರಿಪೋರ್ಟ್ ನೆಗೆಟಿವ್ ಬಂದರೂ ಕಣ್ಣಿಗೆ ರಕ್ತ ಕಂಡಿದ್ದರೆ ಸಿಸ್ಟೋಸ್ಕೋಪಿ ಬಿಡಬೇಡಿ. ಜೆಲ್ಲಿ ಹಾಕಿ ಮರಗಟ್ಟಿಸಿ, ಮೂತ್ರ ಬರುವ ದಾರಿಯಲ್ಲಿ ತೆಳ್ಳಗಿನ ಕ್ಯಾಮೆರಾ ಕಳಿಸಿ ನೋಡುತ್ತಾರೆ. ಇವತ್ತಿಗೂ ಯಾವ ಯೂರಿನ್ ಟೆಸ್ಟೂ ಇದರ ಜಾಗ ತುಂಬುವುದಿಲ್ಲ. ಹಾಗೆಯೇ ಯಾವ ತೊಂದರೆಯೂ ಇಲ್ಲದವರು ಚೆಕಪ್ ಪ್ಯಾಕೇಜ್‌ನಲ್ಲಿ ಇದೆ ಅಂತ ಮಾರ್ಕರ್ ಟೆಸ್ಟ್ ಮಾಡಿಸಬೇಡಿ. ಸುಳ್ಳು ಪಾಸಿಟಿವ್ ಬಂದು ನಿದ್ದೆ ಹೋಗುತ್ತದೆ.

ಮಾವನ ಗಡ್ಡೆ ಒಳಪದರದಲ್ಲೇ ಇತ್ತು, ಮೂತ್ರದ ದಾರಿಯಿಂದಲೇ ಕೆರೆದು ತೆಗೆದರು. ಮರುಕಳಿಸುವ ಕಾಯಿಲೆ ಇದು, ಹಾಗಾಗಿ ಮೂರು ತಿಂಗಳಿಗೆ ಮತ್ತೆ ಕ್ಯಾಮೆರಾ, ಜೊತೆಗೆ ಸೈಟಾಲಜಿ. ಈಗ ಬೀಡಿ ಇಲ್ಲ. ಟೆಸ್ಟ್ ದಿನ ಬೆಳಿಗ್ಗೆ ಎರಡು ಲೋಟ ನೀರು ಕುಡಿದು, ಆಸ್ಪತ್ರೆಯ ವರಾಂಡದಲ್ಲಿ ಖಾಲಿ ಬಾಟಲಿ ಹಿಡಿದು ನಡೆಯುತ್ತಿರುತ್ತಾರೆ.