ಊರಲ್ಲೊಂದು ದೆವ್ವ ಪತ್ತೆ ಬಳಗ ಕಟ್ಟುವುದು ಹೇಗೆ?

ಕಾರವಾರ, ಕುಮಟಾ, ಶಿರಸಿ ಕಡೆ ಇಂಥ ಮೂರ್ನಾಲ್ಕು ತಂಡಗಳು ಶುರುವಾಗಿ ನಿಂತುಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಎಲ್ಲದರ ಕತೆಯೂ ಹೆಚ್ಚುಕಡಿಮೆ ಒಂದೇ. ನಾಲ್ಕು ಹುಡುಗರು, ಆನ್‌ಲೈನಲ್ಲಿ ತರಿಸಿದ ಒಂದು ದೆವ್ವ ಪತ್ತೆಯ ಮೀಟರು, ಅಮಾವಾಸ್ಯೆ ರಾತ್ರಿ, ಒಂದು ಪಾಳುಮನೆ. ಹನ್ನೆರಡಕ್ಕೆ ಒಳಗೆ ಹೋಗುತ್ತಾರೆ, ಎರಡಕ್ಕೆ ಹೆದರಿ ಹೊರಗೆ ಬರುತ್ತಾರೆ, ಬೆಳಿಗ್ಗೆ ವಿಡಿಯೊ ಹಾಕುತ್ತಾರೆ. ಆ ಮನೆಯವರನ್ನು ಒಂದು ಮಾತು ಕೇಳಿರುವುದಿಲ್ಲ. ಮುಂದೆ ಆ ಮನೆ ಮಾರುತ್ತೇನೆಂದರೆ ಗಿರಾಕಿ ಬರುವುದಿಲ್ಲ, ಬಾಡಿಗೆಗೆ ಜನ ಸಿಗುವುದಿಲ್ಲ.

ದೆವ್ವ ಇದೆಯೋ ಇಲ್ಲವೋ ಎಂಬ ವಾದ ಇಲ್ಲಿ ಬೇಡ. ಒಬ್ಬರಿಗೆ ಏನೋ ಕಂಡಿದೆ, ಏನೋ ಕೇಳಿಸಿದೆ. ಅವರು ರಾತ್ರಿ ನಿದ್ದೆ ಮಾಡುತ್ತಿಲ್ಲ. ಅದೇನು ಅಂತ ಅವರ ಜೊತೆ ಕೂತು ಹುಡುಕುವುದು ಬಳಗದ ಕೆಲಸ. ಇದಕ್ಕೆ ಹಳೆಯ ದಾರಿಯೂ ಇದೆ. ಲಂಡನ್ನಿನಲ್ಲಿ 1882ರಲ್ಲೇ ಇಂಥ ಅನುಭವಗಳನ್ನು ಪರಿಶೀಲಿಸುವ ‘ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್’ ಹುಟ್ಟಿತು. ನಮ್ಮಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿಯನ್ನೇ ಮಾಡಿದ್ದರು.

1. ಜನ

ಐದು ಜನ ಸಾಕು. ಅದರಲ್ಲಿ ನಂಬುವವರೂ ಇರಲಿ, ನಂಬದವರೂ ಇರಲಿ. ಎಲ್ಲರೂ ಒಂದೇ ಕಡೆಯವರಾದರೆ ಬಳಗ ಬೇಗ ಹಾಳಾಗುತ್ತದೆ. ಇಬ್ಬರಾದರೂ ಹೆಂಗಸರು ಬೇಕೇ ಬೇಕು. ಮನೆಯೊಳಗಿನ ಹೆಂಗಸರು ಅಡುಗೆಮನೆಯಲ್ಲಿ ನಿಂತು ಅವರಿಗೆ ಹೇಳುವುದನ್ನು ನಮಗೆ ಜಗುಲಿಯಲ್ಲಿ ಹೇಳುವುದಿಲ್ಲ. ಒಬ್ಬರಿಗೆ ವಯರಿಂಗ್ ಗೊತ್ತಿರಲಿ, ಒಬ್ಬರಿಗೆ ಹಕ್ಕಿ–ಪ್ರಾಣಿಗಳ ದನಿ ಗೊತ್ತಿರಲಿ. ಹದಿನೆಂಟು ತುಂಬದವರು ಬೇಡ. ಕುಡಿದು ಬರುವವರು ಎಷ್ಟೇ ಹತ್ತಿರದ ಸ್ನೇಹಿತರಾಗಿರಲಿ, ಬೇಡ.

ನೋಂದಣಿ ಮೊದಲೇ ಮಾಡಿಸಬೇಕಿಲ್ಲ. ಮಾಡಿಸುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಬೇಕು. ಮನೆಯವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ಪೆಟ್ರೋಲಿಗೂ ಬೇಡ.

2. ಎಲ್ಲಿ ಹೋಗಬಾರದು

ಹೊಸಬರು ಮೊದಲು ಕೇಳುವುದು ‘ಎಲ್ಲಿಗೆ ಹೋಗೋಣ’ ಅಂತ. ಹೋಗಬಾರದ ಜಾಗಗಳನ್ನು ಮೊದಲು ಬರೆದುಕೊಳ್ಳಿ.

ಚೌಡಿ ಬನ, ಜಟಕನ ಕಟ್ಟೆ, ಮಾಸ್ತಿಕಲ್ಲು, ಸೋದೆಯ ಭೂತರಾಜರ ಸನ್ನಿಧಿ, ಕಾರವಾರ ಕೋಡಿಬಾಗದ ಖಾಪ್ರಿ ದೇವರ ಗುಡಿ. ಇವು ಜನ ಕೈಮುಗಿಯುವ ಜಾಗಗಳು. ಅಲ್ಲಿ ಯಾರೂ ನಮ್ಮನ್ನು ಕರೆದಿಲ್ಲ, ಅಲ್ಲಿ ನಮಗೆ ಕೆಲಸವಿಲ್ಲ. ಮಿರ್ಜಾನ್ ಕೋಟೆಗೆ ಹಗಲು ಹೋಗಿ ನೋಡಿ ಬನ್ನಿ, ಕತ್ತಲಾದ ಮೇಲೆ ಗೋಡೆ ಹಾರಬೇಡಿ. ಕಾರವಾರದಲ್ಲಿ ನೌಕಾನೆಲೆ ಇದೆ. ಆಸುಪಾಸಿನಲ್ಲಿ ಡ್ರೋನ್ ಹಾರಿಸುವುದು, ರಾತ್ರಿ ಕ್ಯಾಮೆರಾ ಹಿಡಿದು ದಂಡೆಯಲ್ಲಿ ಓಡಾಡುವುದು ದೊಡ್ಡ ತೊಂದರೆಗೆ ದಾರಿ. ಕಾಯ್ದಿಟ್ಟ ಅರಣ್ಯಕ್ಕೆ ಅನುಮತಿ ಇಲ್ಲದೆ ರಾತ್ರಿ ಕಾಲಿಡುವಂತಿಲ್ಲ. ಸಿದ್ದಾಪುರದ ಕಡೆ ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಮಂಗನ ಕಾಯಿಲೆಯ ಭಯವೂ ಇದೆ. ಅದನ್ನು ಹರಡುವ ಉಣ್ಣೆಹುಳು ಕಚ್ಚಿದ್ದು ಆ ಹೊತ್ತಿಗೆ ಗೊತ್ತೇ ಆಗುವುದಿಲ್ಲ.

ಇನ್ನುಳಿದದ್ದು ಮನೆಗಳು, ತೋಟಗಳು, ಗೋದಾಮುಗಳು. ಯಜಮಾನರ ಒಪ್ಪಿಗೆ ಕಾಗದದ ಮೇಲಿರಲಿ. ರಾತ್ರಿ ಉಳಿಯುವುದಾದರೆ ಪೊಲೀಸ್ ಠಾಣೆಗೆ ಒಂದು ಫೋನ್ ಮಾಡಿ ತಿಳಿಸಿ.

3. ಕಂಡವರ ಮಾತು ಬರೆದುಕೊಳ್ಳುವುದು

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಶಿರಸಿ ಕಡೆಯ ಒಂದು ಹಳೆಯ ಮನೆ. ಮೆತ್ತಿನ (ಅಟ್ಟದ) ಮೇಲೆ ರಾತ್ರಿ ಹೆಜ್ಜೆ ಸಪ್ಪಳ. ನಮ್ಮ ಬಳಗಕ್ಕಿಂತ ಮೊದಲು ಇನ್ನೊಂದು ತಂಡ ಹೋಗಿತ್ತು. ಅಜ್ಜಿಯನ್ನು ನಡುವೆ ಕೂರಿಸಿ, ಮನೆಯವರೆಲ್ಲ ಸುತ್ತ ನಿಂತಿರುವಾಗ ಕೇಳಿದ್ದರು: ‘ಆವಾಗ ಮೈ ತಣ್ಣಗಾಯ್ತಾ ಅಜ್ಜಿ?’ ಅಜ್ಜಿ ‘ಹೌದು’ ಅಂದರು. ಡಿಸೆಂಬರ್ ತಿಂಗಳು, ಶಿರಸಿ, ರಾತ್ರಿ ಎರಡು ಗಂಟೆ. ತಣ್ಣಗಾಗದೆ ಇನ್ನೇನು? ಆದರೆ ನಾವು ಹೋಗುವ ಹೊತ್ತಿಗೆ ಆ ಮನೆಯ ಐದೂ ಜನರ ಬಾಯಲ್ಲಿ ‘ಮೊದಲು ಮೈ ತಣ್ಣಗಾಗ್ತದೆ, ಆಮೇಲೆ ಹೆಜ್ಜೆ’ ಅಂತ ಕತೆ ಗಟ್ಟಿಯಾಗಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಪ್ರಶ್ನೆಯೇ ನೆನಪಿನೊಳಗೆ ಸೇರಿಕೊಂಡಿತ್ತು. ಒಮ್ಮೆ ಸೇರಿದ ಮೇಲೆ ತೆಗೆಯಲು ಬರುವುದಿಲ್ಲ.

ಅದಕ್ಕೇ ಹೀಗೆ ಮಾಡಿ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಮಾತಾಡಿಸಿ. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದು. ಫೋನಿನಲ್ಲಿ ರೆಕಾರ್ಡ್ ಮಾಡಲು ಅವರ ಒಪ್ಪಿಗೆ ಕೇಳಿ. ‘ಬೇಡ’ ಅಂದರೆ ಬರೆದುಕೊಳ್ಳಿ. ಮೊದಲ ಪ್ರಶ್ನೆ ಒಂದೇ: ‘ಏನಾಯ್ತು, ಶುರುವಿನಿಂದ ಹೇಳಿ.’ ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಅವರು ತಡೆದು ನಿಂತರೆ ನೀವು ಮಾತು ತುಂಬಬೇಡಿ. ತುಂಬ ಹೊತ್ತು ಸುಮ್ಮನಿದ್ದರೆ ‘ಆಮೇಲೆ?’ ಅನ್ನಿ, ಅಷ್ಟೇ. ಬಿಳಿ ಸೀರೆ, ಕಾಲು ಹಿಂದುಮುಂದು, ಮಲ್ಲಿಗೆ ವಾಸನೆ, ತಣ್ಣನೆ ಗಾಳಿ, ಈ ಮಾತುಗಳು ಅವರ ಬಾಯಿಂದ ಬರುವವರೆಗೆ ನಿಮ್ಮ ಬಾಯಿಂದ ಬರಬಾರದು. ಅವರು ಹೇಳಿದ ಮಾತನ್ನು ಅವರದೇ ಭಾಷೆಯಲ್ಲಿ ಬರೆಯಿರಿ. ‘ಯಾರೋ ನಡದಾಂಗೆ ಕೇಳ್ತು ತಮಾ’ ಅಂತ ಅಜ್ಜಿ ಅಂದರೆ ಹಾಗೇ ಬರೆಯಬೇಕು. ಅದನ್ನು ‘ಅದೃಶ್ಯ ವ್ಯಕ್ತಿಯ ಪಾದಧ್ವನಿ’ ಅಂತ ತಿದ್ದಿದ ಕೂಡಲೇ ಅದು ನಿಮ್ಮ ಕತೆಯಾಗುತ್ತದೆ.

ಲಂಡನ್ನಿನ ಆ ಸೊಸೈಟಿ 1894ರಲ್ಲಿ ಪ್ರಕಟಿಸಿದ, ಎಚ್ಚರವಿರುವಾಗ ಇಲ್ಲದ್ದು ಕಂಡ–ಕೇಳಿದ ಅನುಭವಗಳ ಸಮೀಕ್ಷೆಗೆ ಸುಮಾರು 17,000 ಜನರನ್ನು ಕೇಳಿತ್ತು. ಎಲ್ಲರಿಗೂ ಒಂದೇ ಮಾತುಗಳಲ್ಲಿ ಒಂದೇ ಪ್ರಶ್ನೆ. ಐದು ಜನರ ಮನೆಯಲ್ಲಿ ನಮಗೂ ಅದು ಸಾಧ್ಯ ಅಲ್ವಾ?

ಎಲ್ಲ ಹೇಳಿ ಮುಗಿದ ಮೇಲೆ ನಿಮ್ಮ ಪ್ರಶ್ನೆಗಳು. ಎಷ್ಟು ಹೊತ್ತಿಗೆ? ಗಡಿಯಾರ ನೋಡಿರದಿದ್ದರೆ ಬೇರೆ ಗುರುತು ಹಿಡಿಯಿರಿ: ಕೊನೆಯ ಬಸ್ಸು ಹೋಗಿತ್ತಾ, ರೈಲಿನ ಸದ್ದು ಕೇಳಿತ್ತಾ, ಕರೆಂಟ್ ಇತ್ತಾ. ಎಲ್ಲಿ ಕೂತಿದ್ದಿರಿ, ಯಾವ ಕಡೆ ಮುಖ? ಒಂದು ನಕ್ಷೆ ಬರೆಸಿಕೊಳ್ಳಿ. ಮಲಗಿದ್ದರಾ, ಆಗ ತಾನೇ ಎಚ್ಚರವಾಯಿತಾ? ಎದೆಯ ಮೇಲೆ ಯಾರೋ ಕೂತ ಹಾಗೆ, ಕೈಕಾಲು ಆಡದ ಹಾಗೆ ಆಗುವುದು ನಿದ್ದೆ–ಎಚ್ಚರದ ನಡುವೆ ತುಂಬ ಜನರಿಗೆ ಆಗುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಜನ, ಮಕ್ಕಳು, ಹೂಗಳ ಆಕೃತಿ ಕಾಣುವುದುಂಟು. ಅದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಎಂಬ ಹೆಸರೇ ಇದೆ, ತಲೆ ಕೆಟ್ಟಿದೆ ಅಂತ ಅರ್ಥವಲ್ಲ. ಇಂಥದ್ದು ಅನ್ನಿಸಿದರೆ ‘ಒಮ್ಮೆ ಡಾಕ್ಟರಿಗೆ ತೋರಿಸಿ’ ಅನ್ನಿ. ನೀವೇ ಡಾಕ್ಟರಾಗಬೇಡಿ.

ಕೊನೆಯ ಪ್ರಶ್ನೆಯನ್ನು ಮೆಲ್ಲಗೆ ಕೇಳಿ: ಮನೆಯಲ್ಲಿ ಇತ್ತೀಚೆಗೆ ಯಾರಾದರೂ ಹೋದರಾ? ಆ ಅಜ್ಜಿಯ ಯಜಮಾನರು ಹಿಂದಿನ ವರ್ಷ ತೀರಿಕೊಂಡಿದ್ದರು. ಮೊದಲು ಹೋಗಿದ್ದ ತಂಡ ಇದನ್ನು ಕೇಳಿರಲೇ ಇಲ್ಲ.

ಬರೆದಿಟ್ಟ ಹಳೆಯ ಗುರುತು ಏನಾದರೂ ಇದೆಯಾ ನೋಡಿ. ಆ ಮನೆಯ ಸೊಸೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಸಪ್ಪಳ ಕೇಳಿದ ದಿನ ಮೂಲೆಯಲ್ಲಿ ಪೆನ್ನಿನಿಂದ ಒಂದು ಚುಕ್ಕೆ. ಯಾರೂ ಹೇಳಿರಲಿಲ್ಲ, ತಾವಾಗಿ ಇಟ್ಟಿದ್ದರು. ಚುಕ್ಕೆಗಳು ಮೂರು, ನಾಲ್ಕು ಒಟ್ಟೊಟ್ಟಿಗೆ ಬಂದು, ಹದಿನೈದು ದಿನ ಏನೂ ಇಲ್ಲ, ಮತ್ತೆ ಮೂರು, ನಾಲ್ಕು. ಆ ದಿನಗಳಲ್ಲಿ ಮನೆಯಲ್ಲಿ ಏನು ನಡೆದಿತ್ತು ಅಂತ ಅವರ ಜೊತೆ ಒಂದೊಂದೇ ನೆನಪಿಸಿಕೊಳ್ಳುತ್ತಾ ಹೋದೆವು. ಬಾಳೆಗೊನೆ ಕಡಿದು ಹಣ್ಣಾಗಲು ಮೆತ್ತಿನಲ್ಲಿ ತೂಗುಹಾಕಿದ ದಿನಗಳು ಅವು.

4. ಹಗಲಿನ ತಪಾಸಣೆ

ರಾತ್ರಿಗಿಂತ ಮೊದಲು ಹಗಲು ಹೋಗಿ, ಇಡೀ ಮನೆ ನೋಡಿ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಅಂದರೆ ಮೇಸ್ತ್ರಿಯ ಹತ್ತಿರ ರಸಮಟ್ಟ ಕೇಳಿ ತಂದು ಚೌಕಟ್ಟಿಗೆ ಹಿಡಿಯಿರಿ. ಮಳೆಗಾಲ ಕಳೆದ ಮೇಲೆ ಚಿರೆಕಲ್ಲಿನ ಮನೆಗಳಲ್ಲಿ ಚೌಕಟ್ಟು ಓರೆಯಾಗಿರುವುದು ಸಾಮಾನ್ಯ. ಹಂಚು, ಮರದ ತೊಲೆ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವಾಗ ಟಕ್ ಟಕ್ ಅನ್ನುತ್ತವೆ. ಅದು ಎಷ್ಟು ಹೊತ್ತಿಗೆ ಅಂತ ಬರೆದಿಡಿ.

ಬಚ್ಚಲುಮನೆಯನ್ನು ತಪ್ಪಿಸಬೇಡಿ. 1921ರಲ್ಲಿ ವಿಲ್ಮರ್ ಎಂಬ ಅಮೆರಿಕದ ಕಣ್ಣಿನ ವೈದ್ಯರು ಒಂದು ಮನೆಯ ವಿವರ ಪ್ರಕಟಿಸಿದರು. ಹೆಜ್ಜೆ ಸಪ್ಪಳ, ಆಕೃತಿಗಳು, ಎಲ್ಲರಿಗೂ ತಲೆನೋವು. ಕಾರಣ ಮನೆ ಬೆಚ್ಚಗಿಡುವ, ಕೆಟ್ಟುಹೋದ ಕುಲುಮೆಯಿಂದ ಮನೆಯೊಳಗೆ ಸೇರುತ್ತಿದ್ದ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ, ಮನೆಯವರಿಗೆ ತಲೆನೋವು, ವಾಂತಿ ಇದ್ದರೆ, ಬೇರೆಲ್ಲ ಬಿಟ್ಟು ಮೊದಲು ಕಿಟಕಿ ತೆಗೆಸಿ, ಗೀಸರ್ ನಿಲ್ಲಿಸಿ. ಇದರಿಂದ ಜೀವ ಹೋಗುತ್ತದೆ.

5. ಸಾಮಾನು

ಎರಡು ಟಾರ್ಚ್, ನೋಟ್‌ಬುಕ್, ಪವರ್ ಬ್ಯಾಂಕ್, ಅಳತೆ ಟೇಪು, ಗಾಳಿಯ ಉಷ್ಣತೆ ತೋರಿಸುವ ಸಾದಾ ಥರ್ಮಾಮೀಟರ್, ಕಾರ್ಬನ್ ಮಾನಾಕ್ಸೈಡ್ ಅಲಾರಂ, ಒಂದು ಪೊಟ್ಟಣ ಅಕ್ಕಿ ಹಿಟ್ಟು. ಇಷ್ಟೇ.

‘ಘೋಸ್ಟ್ ಮೀಟರ್’ ಅಂತ ಮಾರುವುದು ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಯಂತ್ರ. ಗೋಡೆಯೊಳಗಿನ ವಯರು, ಫ್ರಿಜ್, ನಿಮ್ಮ ಜೇಬಿನ ಫೋನು, ಯಾವುದಕ್ಕೂ ಅದರ ದೀಪ ಹತ್ತುತ್ತದೆ. ತಗೊಳ್ಳಬೇಡಿ. ಪಿಸ್ತೂಲಿನ ಆಕಾರದ ಥರ್ಮಾಮೀಟರ್ ತೋರಿಸುವುದು ಎದುರಿನ ಗೋಡೆಯ ಉಷ್ಣತೆ, ಗಾಳಿಯದಲ್ಲ. ‘ಸ್ಪಿರಿಟ್ ಬಾಕ್ಸ್’ ರೇಡಿಯೊ ಸ್ಟೇಷನ್‌ಗಳ ಮೇಲೆ ಸರಸರ ಓಡುತ್ತದೆ. ತುಂಡು ಮಾತು ಕೇಳುವುದು ಅದಕ್ಕೇ. ಫೋನಿನ ದೆವ್ವದ ಆ್ಯಪ್‌ಗಳನ್ನು ಬಳಗದ ಯಾರೂ ಇಟ್ಟುಕೊಳ್ಳಬಾರದು ಅಂತ ನಿಯಮ ಮಾಡಿ. ಫ್ಲ್ಯಾಶ್ ಹಾಕಿ ತೆಗೆದ ಫೋಟೊದ ಬೆಳಕಿನ ಉಂಡೆಗಳು ಲೆನ್ಸ್ ಹತ್ತಿರದ ಧೂಳು, ಮಳೆಗಾಲದಲ್ಲಿ ತುಂತುರು ಹನಿ.

6. ರಾತ್ರಿ

ಇಬ್ಬಿಬ್ಬರಾಗಿ ಕೂರಿ, ಒಬ್ಬರೇ ಎಲ್ಲೂ ಹೋಗಬೇಡಿ. ಬೂಟು ಹಾಕಿಕೊಳ್ಳಿ. ಹಾವು ಕಡಿತದ ಔಷಧಿ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಅಂತ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಕೂಗಿ ಕರೆಯುವುದು, ‘ಇದ್ರೆ ಬಾ’ ಅನ್ನುವುದು ಯಾವುದೂ ಬೇಡ. ಮನೆಯೊಳಗೆ ಮಕ್ಕಳು ಮಲಗಿರುತ್ತಾರೆ.

ಏನೇ ಕೇಳಿದರೂ, ಕಂಡರೂ ನಿಮಿಷ ಸಮೇತ ಬರೆಯಿರಿ. ನಮ್ಮ ಕೆಮ್ಮು, ನಾಯಿ ಬೊಗಳಿದ್ದು, ಗೂಬೆ ಕಿರುಚಿದ್ದು ಎಲ್ಲವನ್ನೂ. ಅಘನಾಶಿನಿ ನದಿಯ ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಹತ್ತಿರ ಒಂದು ಮನೆಯವರಿಗೆ ರಾತ್ರಿ ದಂಡೆಯ ಮೇಲೆ ಬೆಳಕು ನಡೆದ ಹಾಗೆ ಕಾಣುತ್ತಿತ್ತು. ಕೊಳ್ಳಿದೆವ್ವ ಅಂತ ಮಕ್ಕಳು ಹೊರಗೆ ಬರುವುದನ್ನೇ ಬಿಟ್ಟಿದ್ದರು. ಮೂರು ರಾತ್ರಿ ಕೂತೆವು. ಮೊದಲ ರಾತ್ರಿ ಬೆಳಕು ಬಂದದ್ದು 8.15ಕ್ಕೆ. ಎರಡನೆಯ ರಾತ್ರಿ 9.05. ಮೂರನೆಯ ರಾತ್ರಿ 9.55. ಪಕ್ಕದ ಮನೆಯ ಹಿರಿಯರೊಬ್ಬರು ನೋಟ್‌ಬುಕ್ ನೋಡಿದ ತಕ್ಷಣ ‘ಇದು ನೀರಿನ ಲೆಕ್ಕ’ ಅಂದರು. ಸಮುದ್ರದ ಭರತ–ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಳಿತ ಶುರುವಾಗುವ ಹೊತ್ತಿಗೆ ಗಜನಿಯ ನೀರು ಬಿಡುವ ಬಾಗಿಲಿಗೆ ಬಲೆ ಕಟ್ಟಲು ಒಬ್ಬರು ತಲೆಗೆ ಟಾರ್ಚ್ ಕಟ್ಟಿಕೊಂಡು ಆ ದಂಡೆಯ ಮೇಲೆ ಹೋಗುತ್ತಿದ್ದರು. ‘ಎಂಟು ಗಂಟೆ ಸುಮಾರಿಗೆ’ ಅಂತ ಅಂದಾಜಿನಲ್ಲಿ ಬರೆದಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಶಿರಸಿಯ ಮನೆಯಲ್ಲಿ ಬಾಳೆಗೊನೆಯ ಸುತ್ತ, ಮೆತ್ತಿನ ಹಲಗೆಯ ಮೇಲೆ ಅಕ್ಕಿ ಹಿಟ್ಟನ್ನು ತೆಳುವಾಗಿ ಉದುರಿಸಿ ಕೆಳಗೆ ಕೂತೆವು. ಒಂದೂವರೆಗೆ ಹೆಜ್ಜೆ. ನಿಜಕ್ಕೂ ಮನುಷ್ಯರು ನಡೆದ ಹಾಗೇ, ನಿಧಾನಕ್ಕೆ. ನಮ್ಮ ಕೈಯೂ ನಡುಗಿತು. ಬೆಳಿಗ್ಗೆ ಹತ್ತಿ ನೋಡಿದರೆ ಹಿಟ್ಟಿನ ಮೇಲೆ ಸಣ್ಣ ಪಾದಗಳ ಸಾಲು. ಒಂದೊಂದರಲ್ಲಿ ಐದು ಬೆರಳು. ಬೆಕ್ಕು, ನಾಯಿಯ ಗುರುತಿನಲ್ಲಿ ನಾಲ್ಕೇ ಇರುತ್ತವೆ. ಮೂಲೆಯಲ್ಲಿ ಬೀಜ ತುಂಬಿದ ಒಣ ಹಿಕ್ಕೆ, ಮೇಲೆ ಸರಿದ ಒಂದು ಹಂಚು. ಪುನುಗುಬೆಕ್ಕು.

7. ಮನೆಯವರಿಗೆ ಹೇಳುವುದು

ಮೊದಲು ಅವರಿಗೆ, ಅವರಿಗೆ ಮಾತ್ರ. ಹೆಸರು, ಊರು, ಫೋಟೊ ಎಲ್ಲೂ ಹಾಕಬೇಡಿ. ಎರಡು ಪುಟದ ವರದಿ ಸಾಕು: ಅವರು ಹೇಳಿದ್ದು, ನಾವು ನೋಡಿದ್ದು, ಗೊತ್ತಾಗದೆ ಉಳಿದದ್ದು. ಮೂರನೆಯದನ್ನು ಖಾಲಿ ಬಿಡಬಾರದು. ನಮ್ಮ ಕಡತದಲ್ಲಿ ‘ಕಾರಣ ಗೊತ್ತಾಗಿಲ್ಲ’ ಅಂತ ಬರೆದ ಮನೆಗಳೂ ಇವೆ.

ದೆವ್ವ ಬಿಡಿಸುವ ಹೆಸರಲ್ಲಿ ಯಾರನ್ನಾದರೂ ಹೊಡೆಯುವುದು, ಕಟ್ಟಿಹಾಕುವುದು ಕಂಡರೆ ಅಲ್ಲಿಗೆ ತನಿಖೆ ನಿಲ್ಲಿಸಿ 112ಕ್ಕೆ ಫೋನ್ ಮಾಡಿ. ಅದಕ್ಕಾಗಿಯೇ ಅಮಾನವೀಯ ಪದ್ಧತಿ, ಮಾಟಮಂತ್ರ ತಡೆಯುವ ಕರ್ನಾಟಕದ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ.

ಹೇಳುವಾಗ ಗೊತ್ತಿರುವಷ್ಟನ್ನೇ ಹೇಳಿ. ಪಾದದ ಗುರುತಿನ ಫೋಟೊವನ್ನು ಅಜ್ಜಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು: ‘ಹಂಗಾರೆ ಇವ್ರು ಅಲ್ದಾ ತಮಾ?’ ನಮ್ಮ ಜೊತೆಗಿದ್ದ ಹುಡುಗ ‘ಅಲ್ಲ’ ಅನ್ನಲು ಬಾಯಿ ತೆರೆದಿದ್ದ. ಬಳಗದ ಅಕ್ಕ ಅವನ ಕೈ ಹಿಡಿದರು. ‘ಮೆತ್ತಿನ ಮೇಲೆ ಓಡಾಡಿದ್ದು ಪುನುಗುಬೆಕ್ಕು. ನಮಗೆ ಗೊತ್ತಾಗಿದ್ದು ಅಷ್ಟೇ ಅಜ್ಜಿ’ ಅಂದರು. ಅಜ್ಜಿ ತಲೆಯಾಡಿಸಿ, ತಮ್ಮ ಯಜಮಾನರ ವಿಷಯ ಹೇಳಲು ಶುರು ಮಾಡಿದರು. ಮಧ್ಯಾಹ್ನದ ಊಟದವರೆಗೂ ಕೂತು ಕೇಳಿದೆವು. ಅವತ್ತು ಯಾರೂ ಬರೆದುಕೊಳ್ಳಲಿಲ್ಲ.

ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ. ಹಂಚು ಸರಿಮಾಡಿಸಿದರಾ, ಸಪ್ಪಳ ನಿಂತಿತಾ ಕೇಳಿ. ನಿಂತಿಲ್ಲ ಅಂದರೆ ಹಳೆಯ ಕಡತದಲ್ಲೇ ಹೊಸ ಪುಟ ತೆರೆದು, ತಾರೀಖು ಹಾಕಿ, ಮೊದಲ ಪ್ರಶ್ನೆಯಿಂದ ಮತ್ತೆ ಶುರು ಮಾಡಿ.