ಮುರಿದುಕೊಳ್ಳದೇ ಬಿಟ್ಟ ಫೈಕಾ: ನಾನು ವಸೂಲು ಮಾಡಿದ ರೀತಿ

ಡಲ್ಲಾಸ್ ಹತ್ತಿರದ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿಯ ಪೇರೋಲ್ ನನ್ನ ಕೈಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಹಳೇ ಫೈಲು ತಿರುವಿ ಹಾಕುವಾಗ 2023ರ ಮೂರು ಡಬ್ಲ್ಯು-2ಗಳಲ್ಲಿ (ನೌಕರನ ವರ್ಷದ ಸಂಬಳ, ತೆರಿಗೆ ಕಡಿತ ತೋರಿಸುವ ಫಾರಂ) 3ರಿಂದ 6ರವರೆಗಿನ ಬಾಕ್ಸುಗಳು ಪೂರ್ತಿ ಖಾಲಿ ಕಂಡವು. ಅಂದರೆ ಪಿಂಚಣಿಯ ಸೋಷಿಯಲ್ ಸೆಕ್ಯುರಿಟಿಯನ್ನೂ ಮುರಿದುಕೊಂಡಿಲ್ಲ, ವಯಸ್ಸಾದವರ ಆರೋಗ್ಯ ವಿಮೆಯ ಮೆಡಿಕೇರನ್ನೂ ಮುರಿದುಕೊಂಡಿಲ್ಲ. ಸಂಬಳದಲ್ಲಿ ಹಿಡಿಯುವ ಈ ಎರಡು ತೆರಿಗೆ ಸೇರಿಯೇ ಫೈಕಾ. ಮೂವರೂ ನಮ್ಮ ದೇಶದಿಂದ ಓದಲು ಬಂದವರು.

ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಓಪಿಟಿ (ಓದಿಗೆ ಸಂಬಂಧಪಟ್ಟ ತಾತ್ಕಾಲಿಕ ಕೆಲಸ) ಮಾಡುವವರಿಗೆ, ತೆರಿಗೆ ಲೆಕ್ಕದಲ್ಲಿ ನಾನ್‌ರೆಸಿಡೆಂಟ್ ಆಗಿರುವ ತನಕ ಫೈಕಾ ಇಲ್ಲ. ಸಾಫ್ಟ್‌ವೇರಿನಲ್ಲಿ ಒಂದು ಟಿಕ್ ಹಾಕಿದರೆ ಆಯಿತು. ತೊಂದರೆ ಏನೆಂದರೆ ಆ ಟಿಕ್ ತಾನಾಗಿ ಹೋಗುವುದಿಲ್ಲ. ಎಚ್-1ಬಿ (ಉದ್ಯೋಗ ವೀಸಾ) ಅನುಮತಿ ಪತ್ರ ಎಚ್‌ಆರ್ ಫೈಲಿಗೆ ಸೇರುತ್ತದೆ, ಪೇರೋಲ್‌ಗೆ ಯಾರೂ ಹೇಳುವುದಿಲ್ಲ.

ವಸೂಲಿಗೆ ಇಳಿಯುವ ಮೊದಲು ಯಾರು ನಿಜವಾಗಿ ಕೊಡಬೇಕು ಅಂತ ನೋಡಿದೆ. ಒಬ್ಬ ತುಮಕೂರಿನ ಹುಡುಗ. 2023ರ ಅಕ್ಟೋಬರ್ 1ಕ್ಕೆ ಅವನ ಎಚ್-1ಬಿ ಶುರು, ಅವತ್ತಿನಿಂದಲೇ ಫೈಕಾ ಕೂಡ. ಇನ್ನೊಬ್ಬ ಇನ್ನೂ ಎಫ್-1ನಲ್ಲೇ ಇದ್ದ. ಆದರೆ ಅವನು ಜನವರಿ ಸೆಮಿಸ್ಟರ್‌ಗೆ ಅಂತ 2018ರ ಡಿಸೆಂಬರ್ 28ಕ್ಕೆ ಬಂದಿಳಿದವನು. ವಿನಾಯಿತಿ ಇರುವುದು ಐದು ಕ್ಯಾಲೆಂಡರ್ ವರ್ಷಕ್ಕೆ, ನಾಲ್ಕು ದಿನ ಇದ್ದರೂ ಆ ವರ್ಷ ಲೆಕ್ಕಕ್ಕೆ ಬಂತು! 2018ರಿಂದ 2022ಕ್ಕೇ ಮುಗಿಯಿತು. 2023ರ ಜನವರಿಯಿಂದ ಅವನು ರೆಸಿಡೆಂಟ್. ಮೂರನೆಯವಳು 2020ರ ಆಗಸ್ಟ್‌ನಲ್ಲಿ ಬಂದವಳು. 2024 ಮುಗಿಯುವ ತನಕ ಅವಳಿಗೆ ವಿನಾಯಿತಿ ಇತ್ತು. ಅವಳ ತಂಟೆಗೇ ಹೋಗಲಿಲ್ಲ. ಮಾಲೀಕರು ಮಾತ್ರ "ಮೂವರದ್ದೂ ಮುಂದಿನ ಚೆಕ್‌ನಲ್ಲಿ ಪೂರ್ತಿ ಮುರಿದುಬಿಡಿ" ಅಂದಿದ್ದರು. ಪ್ರತಿಯೊಬ್ಬರ ಮೊದಲ ಪ್ರವೇಶದ ದಿನ, ವೀಸಾ ಬದಲಾದ ದಿನ ಎರಡನ್ನೂ ಕಾಗದದಲ್ಲಿ ನೋಡದೆ ಒಂದು ಡಾಲರನ್ನೂ ಮುಟ್ಟಬಾರದು ಅನ್ನುವುದು ನನ್ನ ಹಟ.

ಎರಡನೆಯ ಹಟ: ಮೊದಲು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಟ್ಟು, ಆಮೇಲೆ ಹುಡುಗರನ್ನು ಕೇಳು. ಮುರಿದುಕೊಳ್ಳದಿದ್ದರೂ ಸರ್ಕಾರದ ಕಣ್ಣಿಗೆ ಸಾಲಗಾರ ಕಂಪನಿಯೇ. ನೌಕರನಿಂದ ವಾಪಸ್ ಪಡೆಯುವುದು ಅವರಿಬ್ಬರ ನಡುವಿನ ವ್ಯವಹಾರ. 2024ರ ಮೊದಲ ತ್ರೈಮಾಸಿಕದ 941 ಫಾರಂ (ಕಂಪನಿ ಮೂರು ತಿಂಗಳಿಗೊಮ್ಮೆ ಕೊಡುವ ಸಂಬಳ-ತೆರಿಗೆ ರಿಟರ್ನ್) ಇನ್ನೂ ಹೋಗಿರಲಿಲ್ಲ, ಏಪ್ರಿಲ್ 30 ಕೊನೆ ದಿನ. ಅದರಲ್ಲೇ ಸರಿಯಾದ ಲೆಕ್ಕ ಹಾಕಿದೆ. 2023ಕ್ಕೆ ಒಂದೊಂದು ತ್ರೈಮಾಸಿಕಕ್ಕೂ ಬೇರೆ ಬೇರೆ 941-ಎಕ್ಸ್, ಅಂದರೆ ತಿದ್ದುಪಡಿ ರಿಟರ್ನ್. ತಪ್ಪು ಗೊತ್ತಾದ ತ್ರೈಮಾಸಿಕದ ರಿಟರ್ನ್ ಕೊನೆ ದಿನದೊಳಗೆ, ಅಂದರೆ ನಮಗೆ ಜುಲೈ 31ರೊಳಗೆ, ಅದನ್ನು ಕಳಿಸಿ ದುಡ್ಡೂ ಕಟ್ಟಿದರೆ ಸಾಮಾನ್ಯವಾಗಿ ಬಡ್ಡಿ ಬೀಳುವುದಿಲ್ಲ. ಜೊತೆಗೆ ಇಬ್ಬರಿಗೂ ಡಬ್ಲ್ಯು-2ಸಿ, ಅಂದರೆ ತಿದ್ದಿದ ಡಬ್ಲ್ಯು-2, ಕೊಟ್ಟೆ.

ತುಮಕೂರಿನವನ ಲೆಕ್ಕ ಹೀಗಿತ್ತು. ತಿಂಗಳ ಸಂಬಳ 7,500 ಡಾಲರ್. ಸೋಷಿಯಲ್ ಸೆಕ್ಯುರಿಟಿ ಶೇ. 6.2, ಮೆಡಿಕೇರ್ ಶೇ. 1.45, ಒಟ್ಟು ಶೇ. 7.65. ತಿಂಗಳಿಗೆ 573.75. ಅಕ್ಟೋಬರ್‌ನಿಂದ ಮಾರ್ಚ್ ತನಕ 3,442.50. ಕಂಪನಿಯ ಪಾಲು ಅಷ್ಟೇ ಬೇರೆ. ಕಾಗದ ಮುಂದಿಟ್ಟಾಗ ಅವನ ಮುಖ ಸಪ್ಪೆಯಾಯಿತು.

"ಅಕ್ಕಾ, ಮುರ್ಕೊಳ್ಳೋದು ಮರೆತಿದ್ದು ಕಂಪನಿ. ದುಡ್ಡು ಕೊಡೋನು ನಾನಾ?"

"ಆರು ತಿಂಗಳು ನಿನ್ನ ಕೈಗೆ ಜಾಸ್ತಿ ಬಂತಲ್ಲಪ್ಪ, ಅದೇ ದುಡ್ಡು ಇದು."

"ಬಡ್ಡಿ, ದಂಡ?"

"ಬಂದರೆ ಕಂಪನಿ ತಲೆ ಮೇಲೆ. ನಿನಗೆ ಒಂದು ಪೈಸೆನೂ ಇಲ್ಲ."

ಅವನ ಮುಂದಿನ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಿಂಚಣಿಗೆ 40 ಕ್ರೆಡಿಟ್ (ದುಡಿಮೆಗೆ ಸಿಗುವ ಅಂಕ) ಬೇಕು, ವರ್ಷಕ್ಕೆ ಹೆಚ್ಚೆಂದರೆ 4. ಹತ್ತು ವರ್ಷದೊಳಗೆ ಊರಿಗೆ ಹೋದರೆ ಕಟ್ಟಿದ್ದೆಲ್ಲ ಎಲ್ಲಿಗೆ? ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದವೇ ಇಲ್ಲ. ಅವನ ಸಿಟ್ಟು ನ್ಯಾಯವಾದದ್ದೇ.

ನಮ್ಮಲ್ಲಿ ಸಂಬಳ ತಿಂಗಳಿಗೆ ಎರಡು ಸಲ. ಬಾಕಿಯನ್ನು 12 ಚೆಕ್‌ಗೆ ಹಂಚಿದೆ, ಚೆಕ್‌ಗೆ 286.88. ಅದೇ ಹೊತ್ತಿಗೆ ಮಾಮೂಲಿ ಫೈಕಾ ಕೂಡ ಶುರುವಾಗಿತ್ತು, ಅದೂ 286.88. ಅಂದರೆ ಆರು ತಿಂಗಳು ಎರಡೆರಡು ಕಡಿತ. ಬಾಡಿಗೆ ಕಟ್ಟುವವನಿಗೆ ಇದು ಸಣ್ಣದಲ್ಲ, ಅದಕ್ಕೇ ಒಂದೇ ಏಟಿಗೆ ಬೇಡ ಅಂತ ಮಾಲೀಕರ ಹತ್ತಿರ ಜಗಳ ಆಡಿದ್ದು. ಡಿಸೆಂಬರ್ ಹುಡುಗನದ್ದು 15 ತಿಂಗಳ ಬಾಕಿ, ಅವನಿಗೆ ಒಂದು ವರ್ಷ ಕೊಟ್ಟೆವು. ಇಬ್ಬರಿಂದಲೂ ಲೆಕ್ಕದ ಹಾಳೆಯ ಮೇಲೇ ಸಹಿ ತಗೊಂಡೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕಡೆ ಸಂಬಳದಲ್ಲಿ ಮುರಿಯುವುದಕ್ಕೆ ನಿಯಮ ಬಿಗಿ. ಅಲ್ಲಿನವರು ಮೊದಲು ವಕೀಲರನ್ನು ಕೇಳುವುದು ಒಳ್ಳೆಯದು.

941-ಎಕ್ಸ್ ಮಾಡಿಸಿದ ಸಿಪಿಎ (ಲೆಕ್ಕಪರಿಶೋಧಕ) ಫೀಸನ್ನೂ ಇದಕ್ಕೇ ಸೇರಿಸೋಣ ಅಂತ ಒಂದು ಸಲಹೆ ಬಂತು. ಸುಮ್ನೆ ಆಗಲ್ಲ ಅಂದೆ. ಎಚ್-1ಬಿ ಸಂಬಳದಿಂದ ಫೈಕಾದಂಥ ಕಾನೂನಿನ ಕಡಿತ ಮಾಡಬಹುದು. ಕಂಪನಿಯ ಖರ್ಚನ್ನು ನೌಕರನ ಮೇಲೆ ಹಾಕಿದರೆ ಲೇಬರ್ ಇಲಾಖೆ ಜೊತೆ ಹೊಸ ತಲೆನೋವು.

ಡಬ್ಲ್ಯು-2ಸಿ ಕೈಗೆ ಬಂದ ತಕ್ಷಣ ಇಬ್ಬರೂ ಗಾಬರಿಯಾಗಿ ಕೇಳಿದ್ದು ಒಂದೇ: "ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಮತ್ತೆ ಫೈಲ್ ಮಾಡಬೇಕಾ?" ಬಾಕ್ಸ್ 1 (ಇನ್‌ಕಮ್ ಟ್ಯಾಕ್ಸ್ ಲೆಕ್ಕದ ಸಂಬಳ) ಬದಲಾಗಿಲ್ಲ, ಫೈಕಾ ಸರಿಪಡಿಸಿದ್ದಕ್ಕಾಗಿ ಬೇಕಿಲ್ಲ. ಇನ್‌ಕಮ್ ಟ್ಯಾಕ್ಸ್ ಕಡಿಮೆ ಮುರಿದಿದ್ದರೆ ಆ ಕಥೆಯೇ ಬೇರೆ. ಅದನ್ನು ಅದೇ ಕ್ಯಾಲೆಂಡರ್ ವರ್ಷದೊಳಗೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು. ಟೆಕ್ಸಾಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಅಷ್ಟರಮಟ್ಟಿಗೆ ಬಚಾವ್.

ತುಮಕೂರಿನವನದ್ದು ಚುಕ್ತಾ ಆಯಿತು. ಡಿಸೆಂಬರ್ ಹುಡುಗ ಕಂತು ಮುಗಿಯುವ ಮೊದಲೇ ಬೇರೆ ಕೆಲಸ ಹಿಡಿದ. ಪತ್ರ ಬರೆದೆವು, ಸ್ವಲ್ಪ ಕಳಿಸಿದ, ಉಳಿದದ್ದನ್ನು ಮಾಲೀಕರು ಬಿಟ್ಟುಬಿಟ್ಟರು. ಹಾಗೆ ಬಿಟ್ಟ ಮೊತ್ತವೂ ಅವನ ಸಂಬಳ ಅಂತಲೇ ಲೆಕ್ಕ. ಅವನ 2024ರ ಡಬ್ಲ್ಯು-2ಗೆ ಸೇರಿಸಿ, ಅದರ ಮೇಲೂ ಫೈಕಾ ಕಟ್ಟಬೇಕು.

"ಬಿಟ್ಟುಕೊಟ್ಟಿದ್ದಕ್ಕೂ ತೆರಿಗೆನಾ?" ಅಂದರು ಮಾಲೀಕರು.

"ಹೌದು, ಅದರಲ್ಲೂ ಎರಡೂ ಪಾಲು ನಿಮ್ಮದೇ," ಅಂದೆ.